ಮಲಿನಜಲವೂ ಸಾರಜನಕವೂ

ಪೌರಸಭೆಗಳ ಮುಂದೆ ಒಳಚರಂಡಿಯ ವಿಚಾರವು ಬಂದಾಗಲೆಲ್ಲ ಸದಸ್ಯರು ಎರಡು ಪ್ರಶ್ನೆಗಳನ್ನು ಕೇಳುವುದು ರೂಢಿಯಾಗಿದೆ. ಕೊಳವೆಯು ಯಾವ ಯಾವ ಬೀದಿಗೆ ಬರುವುದೆಂಬುದು ಒಂದು. ಹಣವು ಎಲ್ಲಿಂದ ಬರುವುದೆಂಬುದು ಇನ್ನೊಂದು. ಕೊಳವೆಯ ಕೊನೆಯಲ್ಲಿ ಹೊರಬೀಳುವ ನೀರು ಹೇಗಿರತಕ್ಕುದು, ಅದು ಯಾರ ಹೊಲವನ್ನು, ಯಾರ ಕೆರೆಯನ್ನು, ಯಾರ ಬಿಂದಿಗೆಯನ್ನು ಸೇರತಕ್ಕುದು ಎಂಬ ಮೂರನೆಯ ಪ್ರಶ್ನೆಯು ಸಾಮಾನ್ಯವಾಗಿ ಏಳುವುದೇ ಇಲ್ಲ. ಎದ್ದರೂ “ಶುದ್ಧೀಕರಣದ ಯಂತ್ರವನ್ನು ಇಡುತ್ತೇವಲ್ಲ” ಎಂಬ ಒಂದೇ ಮಾತಿನಿಂದ ಅಡಗಿಹೋಗುತ್ತದೆ. ಶುದ್ಧಿಯೆಂದರೇನು, ಯಾವುದರಿಂದ ಶುದ್ಧಿ ಎಂಬುದನ್ನು ವಿಚಾರಿಸದೆ ಕೋಟಿಗಟ್ಟಲೆ ಹಣದ ಕರಾರಿಗೆ ರುಜು ಹಾಕುವುದು ಹೊಣೆಯರಿತವರ ಲಕ್ಷಣವಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಮಹಾಜನರು ಈ ಮೂರನೆಯ ಪ್ರಶ್ನೆಯನ್ನೇ ಮೊದಲನೆಯದಾಗಿ ಮಾಡಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಅದರಲ್ಲಿಯೂ ಕಣ್ಣಿಗೆ ಕಾಣದ ಸಾರಜನಕವೆಂಬ ಪದಾರ್ಥದ ವಿಷಯದಲ್ಲಿ.

ತಿಳಿಯಾದ ನೀರೆಲ್ಲ ನಿರ್ಮಲವಾದುದಲ್ಲ. ಕೊಳಚೆನೀರನ್ನು ಕೆಲವು ಗಂಟೆಗಳ ಕಾಲ ಗಾಳಿಯಾಡಿಸಿ ಮಡ್ಡಿಯನ್ನು ಕೆಳಕ್ಕೆ ಇಳಿಸಿದರೆ ಮೇಲಿನ ನೀರು ಗಾಜಿನ ಲೋಟದಲ್ಲಿ ಹಿಡಿದು ತೋರಿಸುವಷ್ಟು ತಿಳಿಯಾಗುತ್ತದೆ, ದುರ್ಗಂಧವೂ ತಗ್ಗುತ್ತದೆ. ಉದ್ಘಾಟನೆಯ ದಿನ ಮಂತ್ರಿಗಳ ಕೈಗೆ ಅಂಥದೊಂದು ಲೋಟವನ್ನು ಕೊಟ್ಟು ಛಾಯಾಚಿತ್ರ ತೆಗೆಯಿಸುವುದೂ ಉಂಟು. ಆದರೆ ಉಪ್ಪು ಕರಗಿದ ನೀರು ಹೇಗೆ ತಿಳಿಯಾಗಿಯೇ ಇರುವುದೋ ಹಾಗೆಯೇ ಅಮೋನಿಯಾ, ನೈಟ್ರೇಟುಗಳು ಕರಗಿದ ನೀರೂ ತಿಳಿಯಾಗಿಯೇ ಇರುತ್ತದೆ. ನಾವು ತಿನ್ನುವ ಬೇಳೆ, ರಾಗಿ, ಹಾಲು, ಮಾಂಸಗಳಲ್ಲಿನ ಸಾರಜನಕವು ದೇಹದ ಕಾರ್ಯವನ್ನು ಮುಗಿಸಿ ಬಹುಮಟ್ಟಿಗೆ ಮೂತ್ರದ ಮೂಲಕ ಹೊರಗೆ ಬರುತ್ತದೆ. ಒಬ್ಬ ಮನುಷ್ಯನಿಂದ ದಿನಕ್ಕೆ ಸುಮಾರು ೮ ಗ್ರಾಮೆಂದು ಹಿಡಿಯಬಹುದು. ಅತ್ಯಲ್ಪವೆಂದು ತೋರುವ ಈ ಲೆಕ್ಕವನ್ನು ಲಕ್ಷ ಜನರಿರುವ ಒಂದು ಊರಿಗೆ ಅನ್ವಯಿಸಿ ನೋಡಿದರೆ ದಿನಕ್ಕೆ ೮೦೦ ಕಿಲೋಗ್ರಾಂ ಸಾರಜನಕವಾಗುತ್ತದೆ. ಯೂರಿಯಾ ಗೊಬ್ಬರದಲ್ಲಿ ನೂರಕ್ಕೆ ೪೬ ಪಾಲು ಸಾರಜನಕವಿರುವುದರಿಂದ, ೪೫ ಕಿಲೋ ತೂಕದ ಚೀಲಗಳಲ್ಲಿ ಎಣಿಸಿದರೆ, ದಿನವೊಂದಕ್ಕೆ ೩೮ ಚೀಲಗಳಿಗೆ ಮೇಲ್ಪಟ್ಟ ಗೊಬ್ಬರ! ೨೦೧೧ರ ಜನಗಣತಿಯ ಹೊತ್ತಿಗೇ ಹಾಸನವು ಲಕ್ಷದ ಸಂಖ್ಯೆಯನ್ನು ಮೀರಿತ್ತು. ಮುಂಗಾರಿನ ಆಲೂಗೆಡ್ಡೆಯ ಕಾಲದಲ್ಲಿ ಯೂರಿಯಾ ಚೀಲಕ್ಕಾಗಿ ರೈತರು ಸೊಸೈಟಿಯ ಬಾಗಿಲಲ್ಲಿ ಸರದಿ ನಿಲ್ಲುವ ಇದೇ ಜಿಲ್ಲೆಯಲ್ಲಿ, ಪ್ರತಿದಿನವೂ ಗಾಡಿಗಟ್ಟಲೆ ಗೊಬ್ಬರದ ಸಾರವನ್ನು ಚರಂಡಿಗೆ ಸುರಿಯುತ್ತಿದ್ದೇವೆಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು. ಈ ವಿರೋಧಾಭಾಸಕ್ಕೆ ಮುಂದೆ ಬರುತ್ತೇವೆ.

ಹೊಲದಲ್ಲಿ ಅಮೃತವಾಗುವ ವಸ್ತುವೇ ಹೊಳೆಯಲ್ಲಿ ವಿಷವಾಗುತ್ತದೆ. ಕೆರೆಗೆ ಸೇರಿದ ಸಾರಜನಕವು ಮೊದಲು ಪಾಚಿಯನ್ನೂ ನೀರುಕಳೆಯನ್ನೂ ಬೆಳೆಸುತ್ತದೆ. ಕಳೆಯು ಸತ್ತು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನು ಹೀರಿ ಮೀನುಗಳ ಉಸಿರು ಕಟ್ಟಿಸುತ್ತದೆ. ಹಾಸನದ ಮಗ್ಗುಲಿನ ಹುಣಸಿನಕೆರೆಯ ಸ್ಥಿತಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ. ಬೆಂಗಳೂರಿನ ಬೆಳ್ಳಂದೂರು ಕೆರೆಯು ೨೦೧೫ರಲ್ಲಿಯೂ, ೨೦೧೭ರಲ್ಲಿಯೂ, ೨೦೧೮ರಲ್ಲಿಯೂ ಹೊತ್ತಿ ಉರಿದುದು ಲೋಕಪ್ರಸಿದ್ಧವಾಗಿದೆ. ಅಲ್ಲಿನ ನೊರೆಗೆ ಮಾರ್ಜಕಗಳು ಕಾರಣವಾದರೂ ಕೆರೆಯನ್ನು ಮುಚ್ಚಿದ ಕಳೆಗೆ ಆಹಾರವನ್ನು ಒದಗಿಸಿದುದು ಕೊಳಚೆನೀರಿನ ಸಾರಜನಕ ರಂಜಕಗಳೇ. ಅಮೋನಿಯಾ ಮಾತ್ರವಾದರೆ ಕಳೆಯನ್ನು ಬೆಳೆಸುವ ತನಕ ಕಾಯುವುದೂ ಇಲ್ಲ. ಅದು ಮೀನಿಗೆ ನೇರವಾದ ವಿಷ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ, ಕಾವೇರಿಯ ವಹ್ನಿಪುಷ್ಕರಿಣಿಯ ಮಡುವಿನಲ್ಲಿ, ಭಕ್ತರು ಪುರಿ ಹಾಕಿ ಸಾಕುತ್ತ ಬಂದಿರುವ ದೇವರ ಮೀನುಗಳಿಗೆ ಯಾರೂ ಬಲೆ ಬೀಸರು. ಆದರೆ ಮೇಲಿನ ಊರುಗಳ ಚರಂಡಿಯು ಬಲೆಯನ್ನು ಬೀಸಬೇಕಾಗಿಯೇ ಇಲ್ಲ.

ಕುಡಿಯುವ ನೀರಿನ ಮಾತು ಇದಕ್ಕಿಂತ ಗಹನವಾದುದು. ಹೊಳೆಯ ನೀರನ್ನೆತ್ತಿ ಕ್ಲೋರಿನ್ ಬೆರೆಸಿ ಕೊಡುವ ಊರುಗಳಲ್ಲಿ, ನೀರಿನಲ್ಲಿ ಅಮೋನಿಯಾ ಇದ್ದರೆ ಕ್ಲೋರಿನ್ನು ರೋಗಾಣುಗಳನ್ನು ಮುಟ್ಟುವ ಮೊದಲು ಅಮೋನಿಯಾವನ್ನು ಹಿಡಿದುಕೊಳ್ಳುತ್ತದೆ. ಅಮೋನಿಯಾರೂಪದ ಒಂದು ಪಾಲು ಸಾರಜನಕವನ್ನು ಮುಗಿಸಲಿಕ್ಕೆ ಎಂಟು ಹತ್ತು ಪಾಲು ಕ್ಲೋರಿನ್ ವೆಚ್ಚವಾಗುತ್ತದೆ. ರೂಢಿಯ ಅಳತೆಯಲ್ಲಿ ಕ್ಲೋರಿನ್ ಹಾಕಿ ಕರ್ತವ್ಯ ಮುಗಿಯಿತೆಂದುಕೊಂಡ ಜಲಗಾರನ ಕಣ್ಣು ತಪ್ಪಿಸಿ ರೋಗಾಣುಗಳು ನಲ್ಲಿಯವರೆಗೆ ಬರುವುದು ಹೀಗೆ. ಇನ್ನು ಬಾವಿ ಮತ್ತು ಕೊಳವೆಬಾವಿಗಳಿಗೆ ಇಳಿಯುವುದು ನೈಟ್ರೇಟು. ಕುಡಿಯುವ ನೀರಿನಲ್ಲಿ ಲೀಟರಿಗೆ ೪೫ ಮಿಲಿಗ್ರಾಮಿಗಿಂತ ಹೆಚ್ಚಾದ ನೈಟ್ರೇಟು ಕೂಡದೆಂದು ಭಾರತೀಯ ಮಾನಕವು ವಿಧಿಸಿದೆ. ಮಿತಿಮೀರಿದರೆ ಎಳೆಯ ಕೂಸುಗಳ ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕಳೆದುಕೊಂಡು ಮೈ ನೀಲಿಗಟ್ಟುವ ವ್ಯಾಧಿಯು ಉಂಟಾಗುತ್ತದೆ. ಕಾಯಿಸಿದರೆ ನೈಟ್ರೇಟು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ದಟ್ಟವೇ ಆಗುತ್ತದೆ. ಗೃಹಿಣಿಯರಿಗೆ ಇದನ್ನು ತಿಳಿಸುವುದು ಆರೋಗ್ಯಶಾಖೆಯವರ ಕರ್ತವ್ಯ.

ಹೀಗಿರಲಾಗಿ ಕಾಯಿದೆಯ ನಡೆಯನ್ನು ನೋಡೋಣ. ೧೯೭೪ರ ಜಲಮಾಲಿನ್ಯ ನಿಯಂತ್ರಣ ಶಾಸನದಿಂದ ಮಂಡಲಿಗಳು ಏರ್ಪಟ್ಟುವು. ಬಹುಕಾಲ ಅವುಗಳ ದೃಷ್ಟಿಯೆಲ್ಲ ಕೊಳೆಯುವ ವಸ್ತುವಿನ ಮೇಲೆಯೇ ಇತ್ತು. ೨೦೧೫ರ ನವೆಂಬರಿನಲ್ಲಿ ಕೇಂದ್ರದ ಪರಿಸರ ಸಚಿವಾಲಯವು ಹೊರಡಿಸಿದ ಕರಡು ನಿಯಮದಲ್ಲಿ, ಪಟ್ಟಣಗಳ ಘಟಕದಿಂದ ಹೊರಬರುವ ನೀರಿನಲ್ಲಿ ಒಟ್ಟು ಸಾರಜನಕವು ಲೀಟರಿಗೆ ೧೦ ಮಿಲಿಗ್ರಾಮನ್ನು ಮೀರಕೂಡದೆಂದೂ, ಅಮೋನಿಯಾರೂಪದ ಸಾರಜನಕವು ೫ನ್ನು ಮೀರಕೂಡದೆಂದೂ ಹೇಳಿತ್ತು. ೨೦೧೭ರ ಅಕ್ಟೋಬರಿನಲ್ಲಿ ನಿಯಮವು ಗೆಜೆಟ್ಟಿನಲ್ಲಿ ಬಂದಾಗ ಸಾರಜನಕದ ಸಾಲೇ ಮಾಯವಾಗಿತ್ತು. ಕರಡಿನಲ್ಲಿದ್ದ ಹಲ್ಲನ್ನು ಕಿತ್ತು ನಿಯಮವನ್ನು ಪ್ರಕಟಿಸಿದುದನ್ನು ನಾವು ಒಪ್ಪಲಾರೆವು; ಖರ್ಚಿನ ಭಯವು ಅದಕ್ಕೆ ಕಾರಣವಾಗಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ, ಊರಿನ ಗಾತ್ರಕ್ಕೆ ತಕ್ಕಂತೆ ಕಾಲಾವಕಾಶವನ್ನು ಕೊಡಬಹುದಿತ್ತು. ೨೦೧೯ರ ಏಪ್ರಿಲ್ ೩೦ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯು ಈ ಸಡಿಲಿಕೆಯನ್ನು ಒಪ್ಪದೆ ೧೦ ಮಿಲಿಗ್ರಾಮಿನ ಕಟ್ಟನ್ನು ಮತ್ತೆ ಎತ್ತಿ ಹಿಡಿದು, ಮಹಾನಗರಗಳಿಗೆ ಒಂದು, ಸಣ್ಣ ಊರುಗಳಿಗೆ ಒಂದು ಎಂಬ ಭೇದವನ್ನೂ ಒಲ್ಲೆನೆಂದಿತು. ಕೊಳಚೆನೀರಿನಲ್ಲಿ ಬರುವುದು ಲೀಟರಿಗೆ ೪೦ರಿಂದ ೭೦ ಮಿಲಿಗ್ರಾಂ, ಬಿಡಬೇಕಾದುದು ೧೦. ನಡುವಿನ ಅಂತರವನ್ನು ದಾಟುವ ಬಗೆ ಹೇಗೆ?

ಇಲ್ಲಿಯೇ ಈಚೆಗೆ ಎಲ್ಲರ ಬಾಯಲ್ಲಿಯೂ ಕೇಳಿಬರುವ ಮೆಂಬ್ರೇನ್ ಬಯೋರಿಯಾಕ್ಟರ್, ಎಂದರೆ ಪೊರೆಯ ಶೋಧಕವನ್ನು ಒಳಗೊಂಡ ಜೀವಾಣುತೊಟ್ಟಿಯು ಪ್ರವೇಶಿಸುತ್ತದೆ. ಈ ಯಂತ್ರದ ವಿಷಯದಲ್ಲಿ ಒಂದು ಭ್ರಾಂತಿಯು ವಿದ್ಯಾವಂತರಲ್ಲಿಯೂ ಹಬ್ಬಿದೆ. ಪೊರೆಯ ರಂಧ್ರಗಳು ಅತಿಸೂಕ್ಷ್ಮವಾದುದರಿಂದ ಅದು ಸಾರಜನಕವನ್ನೂ ಸೋಸಿ ತೆಗೆಯುತ್ತದೆಂದು ಜನರು ಭಾವಿಸುತ್ತಾರೆ. ಪೊರೆಯ ರಂಧ್ರವು ಮಿಲಿಮೀಟರಿನ ಹತ್ತುಸಾವಿರದ ಒಂದು ಪಾಲಿನ ಆಸುಪಾಸಿನದು. ಅದರ ಹತ್ತರಷ್ಟು ಗಾತ್ರದ ಬ್ಯಾಕ್ಟೀರಿಯವು ಅದರಲ್ಲಿ ನುಸುಳಲಾರದು, ನಿಜ. ಆದರೆ ಕರಗಿದ ಅಮೋನಿಯಾಕ್ಕೂ ನೈಟ್ರೇಟಿಗೂ ಆ ರಂಧ್ರವು ಕೋಟೆಯ ಹೆಬ್ಬಾಗಿಲಿದ್ದಂತೆ. ಸಾರಜನಕವನ್ನು ತೆಗೆಯುವುದು ಪೊರೆಯಲ್ಲ, ಪೊರೆಯ ಹಿಂದೆ ಇರುವ ಜೀವಾಣುಗಳು. ಪೊರೆಯು ಆ ಜೀವಾಣುಗಳನ್ನು ತೊಟ್ಟಿಯಿಂದ ಕೊಚ್ಚಿಹೋಗದಂತೆ ಕಾಯುವ ಕಾವಲುಗಾರ ಮಾತ್ರ. ಈ ಒಂದು ವಿಷಯವನ್ನು ಮನಗಂಡ ಸದಸ್ಯನು ಯಾವ ಕಂಟ್ರಾಕ್ಟರನ ಬಣ್ಣದ ಪುಸ್ತಿಕೆಗೂ ಮರುಳಾಗಲಾರನು.

ಜೀವಾಣುಗಳ ಕೆಲಸವು ಎರಡು ಹಂತಗಳದು. ಗಾಳಿಯಿರುವ ತೊಟ್ಟಿಯಲ್ಲಿ ಒಂದು ಜಾತಿಯ ಜೀವಾಣುಗಳು ಅಮೋನಿಯಾವನ್ನು ನೈಟ್ರೈಟಾಗಿಯೂ, ಇನ್ನೊಂದು ಜಾತಿಯವು ಅದನ್ನು ನೈಟ್ರೇಟಾಗಿಯೂ ಮಾಡುತ್ತವೆ. ೧೮೯೦ರ ಸುಮಾರಿನಲ್ಲಿ ರಷ್ಯದ ವಿನೊಗ್ರಾಡ್‌ಸ್ಕಿಯೆಂಬ ವಿದ್ವಾಂಸನು ಇವುಗಳನ್ನು ಬೇರ್ಪಡಿಸಿ ತೋರಿಸಿದನು. ಗಾಳಿಯಿಲ್ಲದ ತೊಟ್ಟಿಯಲ್ಲಿ ಮತ್ತೊಂದು ಪಂಗಡವು, ಉಸಿರಾಡಲಿಕ್ಕೆ ಆಮ್ಲಜನಕವು ಸಿಕ್ಕದೆ, ನೈಟ್ರೇಟಿನಲ್ಲಿ ಅಡಗಿರುವ ಆಮ್ಲಜನಕವನ್ನು ಕಿತ್ತುಕೊಂಡು ಸಾರಜನಕವನ್ನು ಬರಿಯ ಅನಿಲವಾಗಿ ಆಕಾಶಕ್ಕೆ ಬಿಟ್ಟುಬಿಡುತ್ತದೆ. ಮೊದಲ ಹಂತದವು ಬಹಳ ಮಂದಗತಿಯ ಪ್ರಾಣಿಗಳು. ಕೊಳೆಯನ್ನು ತಿನ್ನುವ ಸಾಧಾರಣ ಜೀವಾಣುಗಳು ಗಂಟೆಗಳ ಲೆಕ್ಕದಲ್ಲಿ ಇಮ್ಮಡಿಯಾದರೆ ಇವಕ್ಕೆ ದಿನವೋ ದಿನಕ್ಕಿಂತ ಹೆಚ್ಚೋ ಬೇಕು. ಹಳೆಯ ಪದ್ಧತಿಯಲ್ಲಿ ಮಡ್ಡಿಯು ಸರಿಯಾಗಿ ಇಳಿಯದ ದಿನ ಇವು ನೀರಿನೊಡನೆ ಹೊರಟುಹೋಗುತ್ತವೆ. ಪೊರೆಯಿದ್ದಲ್ಲಿ ಒಂದೂ ತಪ್ಪಿಸಿಕೊಳ್ಳಲಾರದು. ಹಳೆಯ ತೊಟ್ಟಿಯಲ್ಲಿ ಲೀಟರಿಗೆ ಮೂರು ನಾಲ್ಕು ಗ್ರಾಂ ಇದ್ದ ಜೀವಾಣುರಾಶಿಯು ಎಂಟರಿಂದ ಹನ್ನೆರಡು ಗ್ರಾಮಿಗೆ ಏರುತ್ತದೆ. ಸ್ಥಳವೂ ಕಡಿಮೆ, ಫಲವೂ ಸ್ಥಿರ. ಯುರೋಪಿನವರಿಗೆ ಚಳಿಗಾಲದಲ್ಲಿ ಈ ಜೀವಾಣುಗಳು ಮರಗಟ್ಟುವ ತೊಂದರೆಯುಂಟು. ಹಾಗಿದ್ದೂ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಹೆನ್ರಿಕ್ಸ್‌ಡಾಲ್ ಸ್ಥಾವರವನ್ನು ಪೊರೆಯ ಪದ್ಧತಿಗೆ ತಿರುಗಿಸಿ ೬ ಮಿಲಿಗ್ರಾಮಿನ ಗುರಿಯನ್ನು ಇಟ್ಟುಕೊಂಡಿದ್ದಾರೆ. ನಮ್ಮ ಹವೆಯಲ್ಲಿ ಆ ತೊಂದರೆಯಿಲ್ಲ.

ಇದು ನಮಗೆ ಹೊರಗಿನಿಂದ ನಿನ್ನೆ ಬಂದ ವಿದ್ಯೆಯೆಂದು ತಿಳಿಯಬೇಕಾದುದಿಲ್ಲ. ಮಡ್ಡಿಯ ಜೀವಾಣುಗಳಿಂದ ಕೊಳಚೆಯನ್ನು ಶೋಧಿಸುವ ಕ್ರಮವನ್ನು ೧೯೧೪ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ಪ್ರಕಟಿಸಿದರು. ಅವರಿಗೆ ಆ ದಾರಿಯನ್ನು ತೋರಿಸಿದ ಗಿಲ್ಬರ್ಟ್ ಫೌಲರ್ ಎಂಬಾತನು ಎರಡೇ ವರ್ಷಗಳಲ್ಲಿ, ೧೯೧೬ರಲ್ಲಿ, ಬೆಂಗಳೂರಿನ ಟಾಟಾ ವಿಜ್ಞಾನಮಂದಿರಕ್ಕೆ ಆಚಾರ್ಯನಾಗಿ ಬಂದನು. ಆತನು ೧೯೩೪ರಲ್ಲಿ ಪ್ರಕಟಿಸಿದ ಗ್ರಂಥದ ವಿಷಯವೇ ಸಾರಜನಕದ ಸಂರಕ್ಷಣೆಯ ಜೀವರಸಾಯನ. ಸಂರಕ್ಷಣೆಯೆಂಬ ಆ ಮಾತನ್ನು ಗಮನಿಸಬೇಕು. ಸಾರಜನಕವನ್ನು ಹೊಡೆದೋಡಿಸುವುದು ಆತನ ಗುರಿಯಾಗಿರಲಿಲ್ಲ, ಮಣ್ಣಿಗೆ ಹಿಂದಿರುಗಿಸುವುದು ಗುರಿಯಾಗಿತ್ತು. ಇನ್ನು ಪೊರೆಯನ್ನು ತೊಟ್ಟಿಯೊಳಗೇ ಮುಳುಗಿಸುವ ಉಪಾಯವನ್ನು ೧೯೮೯ರಲ್ಲಿ ಜಪಾನಿನ ಯಾಮಾಮೊಟೊ ತೋರಿಸಿದನು. ಆ ಬಳಿಕ ಜಪಾನಿನ ಕುಬೋಟಾ, ಕೆನಡಾದ ಜೆನಾನ್ ಮೊದಲಾದ ಕಂಪನಿಗಳು ಇದನ್ನು ವ್ಯಾಪಾರದ ಸರಕಾಗಿ ಮಾಡಿದುವು. ನಮ್ಮಲ್ಲಿ ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ದಿನಕ್ಕೆ ೧೫ ಲಕ್ಷ ಲೀಟರಿನ ಪೊರೆಯ ಸ್ಥಾವರವನ್ನು ಜಲಮಂಡಲಿಯವರು ಗಿಡಮರಗಳಿಗೆ ನೀರೊದಗಿಸಲು ಸ್ಥಾಪಿಸಿದರು. ದೆಹಲಿಯಲ್ಲಿ ೨೦೧೦ರ ಕಾಮನ್‌ವೆಲ್ತ್ ಕ್ರೀಡಾಗ್ರಾಮಕ್ಕಾಗಿ ಇಂಥದೊಂದು ಕಟ್ಟಲ್ಪಟ್ಟಿತು.

ಇನ್ನು ತೊಡಕುಗಳನ್ನು ಹೇಳಬೇಕು. ಅಮೋನಿಯಾರೂಪದ ಒಂದು ಗ್ರಾಂ ಸಾರಜನಕವು ನೈಟ್ರೇಟಾಗಲು ನಾಲ್ಕೂವರೆ ಗ್ರಾಂ ಆಮ್ಲಜನಕವನ್ನು ಬೇಡುತ್ತದೆ. ಮತ್ತು ನೀರಿನಲ್ಲಿರುವ ಕ್ಷಾರಗುಣವನ್ನು, ಸುಣ್ಣದ ಲೆಕ್ಕದಲ್ಲಿ, ಏಳು ಗ್ರಾಮಿನಷ್ಟು ತಿಂದುಹಾಕುತ್ತದೆ. ಮಲೆನಾಡಿನ ಬಂಡೆಯಿಂದ ಇಳಿದುಬರುವ ಹೇಮಾವತಿಯ ನೀರು ಬೇಳೆ ಬೇಯಿಸಲು ಬಹು ಪ್ರಶಸ್ತವಾದ ಮೆದುನೀರು. ಅದರಲ್ಲಿ ಕ್ಷಾರಗುಣವು ಕಡಿಮೆ. ಅದೇ ನೀರನ್ನು ಬಳಸಿದ ಊರಿನ ಕೊಳಚೆಯಲ್ಲಿ ಈ ಕ್ರಿಯೆಯು ನಡುದಾರಿಯಲ್ಲಿ ಹುಳಿಗೂಡಿ ನಿಂತುಹೋಗುವ ಸಂಭವವುಂಟು. ಗಾಳಿಯಿಲ್ಲದ ಎರಡನೆಯ ಹಂತವನ್ನು ಸರಿಯಾಗಿ ನಡೆಯಿಸಿದರೆ ಕಳೆದ ಕ್ಷಾರದಲ್ಲಿ ಅರ್ಧವು ಮರಳಿ ದೊರೆಯುತ್ತದೆ. ಆದರೆ ಆ ಹಂತದ ಜೀವಾಣುಗಳಿಗೆ ಕೊಳೆಯೇ ಆಹಾರ. ನಮ್ಮ ಊರುಗಳಲ್ಲಿ ಮನೆಮನೆಗೂ ಸೆಪ್ಟಿಕ್ ಗುಂಡಿಗಳಿದ್ದು, ಕೊಳೆಯು ಅಲ್ಲಿಯೇ ಅರ್ಧ ಕರಗಿ, ಅಮೋನಿಯಾ ಮಾತ್ರ ಹಾಗೆಯೇ ಉಳಿದು ಮುಂದಕ್ಕೆ ಹರಿಯುತ್ತದೆ. ಘಟಕಕ್ಕೆ ಬಂದ ನೀರಿನಲ್ಲಿ ಸಾರಜನಕವುಂಟು, ಅದನ್ನು ತೆಗೆಯತಕ್ಕ ಜೀವಾಣುಗಳಿಗೆ ಅನ್ನವಿಲ್ಲ! ಕೊಳವೆಯನ್ನು ಹಾಕಿಯೂ ಗುಂಡಿಗಳನ್ನು ತಪ್ಪಿಸದೆ ಬಿಟ್ಟರೆ, ಹೊರಗಿನಿಂದ ಸಿಹಿಪದಾರ್ಥವನ್ನೋ ಮದ್ಯಸಾರವನ್ನೋ ಕೊಂಡುತಂದು ಸುರಿಯಬೇಕಾಗುತ್ತದೆ. ಪೊರೆಯನ್ನು ಉಜ್ಜಲು ಊದುವ ಗಾಳಿಯು, ಮರಳಿಸುವ ಮಡ್ಡಿಯೊಡನೆ ಗಾಳಿಯಿಲ್ಲದ ತೊಟ್ಟಿಗೂ ಸೇರಿ ಅಲ್ಲಿನ ಕೆಲಸವನ್ನು ಕೆಡಿಸುವುದು ಇನ್ನೊಂದು. ನೈಟ್ರೇಟಿನ ಐದರಲ್ಲಿ ನಾಲ್ಕು ಪಾಲು ತೆಗೆಯಬೇಕಾದರೆ ಬಂದ ನೀರಿನ ನಾಲ್ಕರಷ್ಟನ್ನು ಹಿಂದಕ್ಕೆ ಸುತ್ತಿಸಬೇಕು. ನಕ್ಷೆಯಲ್ಲಿ ಆ ಪಂಪು ಇದೆಯೇ ಎಂದು ಮೊದಲು ನೋಡಬೇಕು. ಕಂಟ್ರಾಕ್ಟರನು ಉಳಿತಾಯ ಮಾಡುವುದು ಅಲ್ಲಿಯೇ.

ವಿದ್ಯುತ್ತಿನ ಲೆಕ್ಕವನ್ನೂ ಮುಚ್ಚಿಡಬಾರದು. ಸಾವಿರ ಲೀಟರು ನೀರಿಗೆ ಹಳೆಯ ಪದ್ಧತಿಯಲ್ಲಿ ಅರ್ಧ ಯೂನಿಟ್ಟಿನ ಆಸುಪಾಸಿನಲ್ಲಿ ಮುಗಿಯುವ ಕೆಲಸಕ್ಕೆ ಪೊರೆಯಲ್ಲಿ ೦.೬ರಿಂದ ಒಂದು ಯೂನಿಟ್ಟಿನವರೆಗೆ ಬೇಕು. ಲಕ್ಷ ಜನರ ಊರಿನಲ್ಲಿ ದಿನಕ್ಕೆ ಕೋಟಿ ಲೀಟರಿಗೆ ಮೇಲ್ಪಟ್ಟು ಕೊಳಚೆಯಾಗುತ್ತದೆ. ಕೋಟಿ ಲೀಟರಿಗೆ ೮,೦೦೦ ಯೂನಿಟ್ಟು. ಯೂನಿಟ್ಟಿಗೆ ಆರು ರೂಪಾಯಿಯೆಂದು ಲೆಕ್ಕಕ್ಕಾಗಿ ಹಿಡಿದರೆ ದಿನಕ್ಕೆ ೪೮,೦೦೦ ರೂಪಾಯಿ, ವರ್ಷಕ್ಕೆ ಒಂದೂಮುಕ್ಕಾಲು ಕೋಟಿ. ಇದರ ಮೇಲೆ ಪೊರೆಯನ್ನು ತೊಳೆಯುವ ಔಷಧಿ, ಹತ್ತು ವರ್ಷಗಳ ಸುಮಾರಿಗೆ ಪೊರೆಯನ್ನೇ ಬದಲಾಯಿಸುವ ಖರ್ಚು. ಯಂತ್ರವನ್ನು ಸರಕಾರದವರು ದಾನವಾಗಿ ಕೊಡುತ್ತಾರೆ. ವಿದ್ಯುತ್ತಿನ ಬಿಲ್ಲನ್ನು ಪೌರಸಭೆಯು ಕಟ್ಟಬೇಕು. ಆನೆಯನ್ನು ಉಚಿತವಾಗಿ ಪಡೆದವನಿಗೆ ಮೇವಿನ ಚಿಂತೆಯು ಮರುದಿನವೇ ಆರಂಭವಾಗುತ್ತದೆ. ಬಿಲ್ಲು ಕಟ್ಟಲಾರದೆ ರಾತ್ರಿ ಗಾಳಿಯ ಯಂತ್ರವನ್ನು ನಿಲ್ಲಿಸಿದರೆ ಮಂದಗತಿಯ ಆ ಜೀವಾಣುಗಳು ನಶಿಸಿ, ಮತ್ತೆ ನೆಲೆಗೊಳ್ಳಲು ವಾರಗಟ್ಟಲೆ ಬೇಕಾಗುತ್ತದೆ. ಅಷ್ಟು ಕಾಲವೂ ನೀರು ತಿಳಿಯಾಗಿಯೇ ಕಾಣುತ್ತಿರುತ್ತದೆ.

ಹಾಗಾದರೆ ನಾಲ್ಕು ಊರುಗಳಿಗೂ ಒಂದೇ ಯಂತ್ರವೇ? ಸರ್ವಥಾ ಕೂಡದು. ಊರಿನ ನೀರು ಎಲ್ಲಿಗೆ ಹೋಗುವುದೆಂಬುದೇ ನಿರ್ಣಾಯಕವಾದುದು.

ಹೊಳೆನರಸೀಪುರವು ಹೇಮಾವತಿಯ ದಂಡೆಯಲ್ಲಿಯೇ ಇದೆ. ಗೊರೂರಿನಲ್ಲಿ ೧೯೭೯ರಲ್ಲಿ ಅಣೆಕಟ್ಟು ಮುಗಿದ ಮೇಲೆ ಕೆಳಗಿನ ಪಾತ್ರದಲ್ಲಿ ಬೇಸಗೆಯ ಹರಿವು ಅಣೆಯ ತೂಬಿನವರ ಕೈಯಲ್ಲಿದೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಬರೆಹಗಳಲ್ಲಿ ಕಾಣುವ ಹೊಳೆಯನ್ನು ಅಲ್ಲಿ ಈಗ ಹುಡುಕಬಾರದು. ತೂಬು ಮುಚ್ಚಿದ ತಿಂಗಳಲ್ಲಿ ಕೊಳಚೆಯನ್ನು ತೆಳುಮಾಡುವ ನೀರೇ ಇರದು. ಅಲ್ಲಿಂದ ಮುಂದೆ ಕೃಷ್ಣರಾಜಪೇಟೆಯ ಗಡಿ, ಅದರಾಚೆ ಕೃಷ್ಣರಾಜಸಾಗರ, ಕಡೆಗೆ ಬೆಂಗಳೂರಿನ ನಲ್ಲಿ. ಇಂಥ ಊರು ಹೊಳೆಗೆ ಬಿಡುವ ನೀರಿನಲ್ಲಿ ಅಮೋನಿಯಾವನ್ನೂ ನೈಟ್ರೇಟನ್ನೂ ತೆಗೆಯಲೇಬೇಕು. ಪೊರೆಯ ಖರ್ಚು ಇಲ್ಲಿ ಸಾರ್ಥಕ, ಮತ್ತು ಅದರ ಒಂದು ಭಾಗವನ್ನು ಕೆಳಗಿನ ನೀರನ್ನು ಕುಡಿಯುವವರು ಹೊರುವುದೇ ನ್ಯಾಯ. ಸಣ್ಣ ಊರಿನ ತೆರಿಗೆಯಿಂದ ರಾಜಧಾನಿಯ ನೀರನ್ನು ಶುದ್ಧಿಮಾಡಿಸುವುದು ಯಾವ ಧರ್ಮ? ಸಕಲೇಶಪುರದ ಕಡೆಯಿಂದ ಹೊಳೆಗಿಳಿಯುವ ಕಾಫಿ ಪಲ್ಪಿಂಗಿನ ಕಪ್ಪುನೀರನ್ನು ತಡೆಯದೆ ಹೊಳೆನರಸೀಪುರದವರನ್ನು ಮಾತ್ರ ಹಿಡಿಯುವುದೂ ತರವಲ್ಲ.

ಚನ್ನರಾಯಪಟ್ಟಣದ ಸ್ಥಿತಿಯು ಇದಕ್ಕೆ ವಿರುದ್ಧವಾದುದು. ಅಲ್ಲಿ ಹೊಳೆಯಿಲ್ಲ, ಕೆರೆಗಳೂ ಕೊಳವೆಬಾವಿಗಳೂ ನಾಲೆಯ ನೀರೂ ಜೀವಾಧಾರ. ಸುತ್ತಲೂ ತೆಂಗಿನ ತೋಟಗಳು. ಅಲ್ಲಿನ ನೀರಿನಿಂದ ರೋಗಾಣುಗಳನ್ನು ತೆಗೆದು, ಸಾರಜನಕವನ್ನು ಉಳಿಸಿ, ಬೆಳೆಯ ಅವಶ್ಯಕತೆಯನ್ನು ಮೀರದಂತೆ ಅಳತೆಮಾಡಿ ತೋಟಕ್ಕೆ ಕೊಟ್ಟರೆ ಗೊಬ್ಬರವೂ ನೀರೂ ಒಟ್ಟಿಗೆ ಒದಗಿದಂತಾಯಿತು. ಪೊರೆಯು ರೋಗಾಣುಗಳನ್ನು ತಡೆಯುವ ಕೆಲಸಕ್ಕೆ ಇಲ್ಲಿ ಸಹಾಯಕವೇ. ಸಾರಜನಕವನ್ನು ಆಕಾಶಕ್ಕೆ ಹಾರಿಸುವ ಖರ್ಚು ಮಾತ್ರ ಬೇಸಗೆಯ ತಿಂಗಳುಗಳಲ್ಲಿ ವ್ಯರ್ಥ. ತೋಟಕ್ಕೆ ನೀರು ಬೇಡವಾದ ಮಳೆಗಾಲದಲ್ಲಿ ಹೆಚ್ಚಾದುದನ್ನು ಕೆರೆಗೆ ಬಿಡುವಾಗ ೧೦ ಮಿಲಿಗ್ರಾಮಿನ ಕಟ್ಟು ಪೂರ್ಣವಾಗಿ ನಡೆಯಬೇಕು. ೨೦೧೮ರಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ಕೋಲಾರದ ಕೆರೆಗಳಿಗೆ ನೀರು ಹರಿಸಿದಾಗ ನೊರೆಯೆದ್ದು ಉಚ್ಚ ನ್ಯಾಯಾಲಯವು ತಡೆಯಾಜ್ಞೆ ಕೊಡಬೇಕಾಗಿ ಬಂದುದನ್ನು ಮರೆಯಕೂಡದು. ಕೆರೆಯ ಕೆಳಗೆ ಬಾವಿಗಳುಂಟು.

ಅರಕಲಗೂಡು ಸಣ್ಣ ಪಟ್ಟಣಪಂಚಾಯತಿಯ ಊರು. ಹೇಮಾವತಿ ಕಾವೇರಿಗಳೆರಡೂ ಆ ತಾಲ್ಲೂಕನ್ನು ಮುಟ್ಟುತ್ತಿದ್ದರೂ, ಇಂಜಿನಿಯರನನ್ನೂ ರಸಾಯನಜ್ಞನನ್ನೂ ವರ್ಷವಿಡೀ ಸಾಕುವ ಶಕ್ತಿಯು ಅಂಥ ಪಂಚಾಯತಿಗಿಲ್ಲ. ಅಲ್ಲಿಗೆ ಪೊರೆಯ ಯಂತ್ರವನ್ನು ಕಳುಹಿಸುವುದು ಎರಡು ವರ್ಷಗಳಲ್ಲಿ ತುಕ್ಕು ಹಿಡಿಯುವ ಸ್ಮಾರಕವನ್ನು ಕಟ್ಟಿದಂತೆ. ಗುಂಡಿಗಳ ಮಡ್ಡಿಯನ್ನು ಕ್ರಮವಾಗಿ ತೆಗೆದು, ೨೦೧೫ರಲ್ಲಿ ದೇವನಹಳ್ಳಿಯಲ್ಲಿ ಆರಂಭವಾದ ಮಾದರಿಯ ಮಡ್ಡಿಶೋಧನಾಲಯದಲ್ಲಿ ಒಣಗಿಸಿ ಗೊಬ್ಬರ ಮಾಡುವುದು, ಬಚ್ಚಲನೀರನ್ನು ಜೊಂಡಿನ ಹಾಸುಗಳಲ್ಲಿ ಹಾಯಿಸುವುದು, ಇದೇ ಅದಕ್ಕೆ ತಕ್ಕುದು. ಕೋಣನೂರು, ರಾಮನಾಥಪುರಗಳಿಗೂ ಇದೇ ಮಾತು.

ಹಾಸನ ನಗರದಲ್ಲಿ ಮಾತ್ರ ದೊಡ್ಡ ಯಂತ್ರಕ್ಕೆ ಬೇಕಾದ ಜನವೂ ಹಣವೂ ಉಂಟು, ಬಿಡುವ ಭೂಮಿಯು ಇಲ್ಲ. ಕೆರೆಯಿಂದ ಕೆರೆಗೆ ಇಳಿಯುವ ಅಲ್ಲಿನ ಹಳ್ಳಗಳೆಲ್ಲ ಕಡೆಗೆ ಹೇಮಾವತಿಯ ಜಾಡಿಗೇ ಸೇರುವುದರಿಂದ ಕಡಿಮೆ ಸ್ಥಳದಲ್ಲಿ ಹೆಚ್ಚು ಶುದ್ಧಿಯನ್ನು ಕೊಡುವ ಪೊರೆಯ ಪದ್ಧತಿಯು ಪರಿಶೀಲನಾರ್ಹವಾಗಿದೆ. ಮೊದಲು ಹಳೆಯ ತೊಟ್ಟಿಗಳಿಗೆ ಗಾಳಿಯಿಲ್ಲದ ಒಂದು ಅಂಕಣವನ್ನೂ ಹಿಂದಿರುಗಿಸುವ ಪಂಪನ್ನೂ ಸೇರಿಸಿ ನೋಡಿ, ಸಾಲದಿದ್ದರೆ ಪೊರೆಗೆ ಕೈಹಾಕಬೇಕೆಂದು ನಾವು ಸೂಚಿಸುತ್ತೇವೆ.

ಬೆಳಗೊಳದ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಹೇಮಾವತಿಯೂ ಕಾವೇರಿಯೂ ಕೂಡಿ ನಿಲ್ಲುವ ಕೃಷ್ಣರಾಜಸಾಗರದ ಮಗ್ಗುಲಿನಲ್ಲಿ, ೧೯೪೦ರ ಸುಮಾರಿಗೆ, ಮೈಸೂರು ಸಂಸ್ಥಾನದವರು ಗಾಳಿಯಲ್ಲಿನ ಸಾರಜನಕವನ್ನು ಹಿಡಿದು ಅಮೋನಿಯಾ ಗೊಬ್ಬರ ಮಾಡುವ ಕಾರ್ಖಾನೆಯನ್ನು, ದೇಶದಲ್ಲಿಯೇ ಮೊದಮೊದಲಿನದಾಗಿ, ಬೆಳೆಯಿಸಿದರು. ಗಾಳಿಯಿಂದ ಹಿಡಿಯಲು ಒಂದು ವೆಚ್ಚ. ಅದೇ ಸಾರಜನಕವನ್ನು ಚರಂಡಿಯಿಂದ ಗಾಳಿಗೆ ಹಿಂದಿರುಗಿಸಲು ಇನ್ನೊಂದು ವೆಚ್ಚ. ಹೊಲಕ್ಕೆ ಕೊಡಬಹುದಾದಷ್ಟನ್ನು ಹೊಲಕ್ಕೆ ಕೊಟ್ಟು, ಕೊಡಲಾಗದ ಪಾಲನ್ನು ಮಾತ್ರ ಯಂತ್ರದಿಂದ ತೆಗೆಯುವುದು ರಾಷ್ಟ್ರದ ಬೊಕ್ಕಸಕ್ಕೂ ಮಣ್ಣಿಗೂ ಹಿತ. ಯೂರಿಯಾ ಚೀಲಕ್ಕೆ ಸರಕಾರವು ಕಟ್ಟಿರುವ ೨೪೨ ರೂಪಾಯಿಯು, ತೆರಿಗೆ ಬೇವುಲೇಪನಗಳ ಹೊರತು, ಅದರ ನಿಜವಾದ ಬೆಲೆಯಲ್ಲ. ಉಳಿದುದನ್ನು ತೆರಿಗೆದಾರನು ತೆರುತ್ತಾನೆ. ಪೊರೆಗಳಾದರೋ ಬಹುಮಟ್ಟಿಗೆ ವಿದೇಶದ ಸರಕು. ಹತ್ತು ವರ್ಷಕ್ಕೊಮ್ಮೆ ಇಡೀ ದೇಶದ ಪಟ್ಟಣಗಳು ಇದಕ್ಕಾಗಿ ಹೊರದೇಶದ ಬಾಗಿಲಿಗೆ ಹೋಗಿ ನಿಲ್ಲಬೇಕಾಗುವ ಮೊದಲು ನಮ್ಮ ವಿಜ್ಞಾನಮಂದಿರಗಳೂ ಕಾರ್ಖಾನೆಗಳೂ ಈ ಕಡೆ ಗಮನ ಕೊಡಲಿ.

ಪೌರಸಭೆಗಳು ಕರಾರು ಬರೆಯುವಾಗ ಯಂತ್ರದ ಹೆಸರನ್ನು ಬರೆಯದೆ ಫಲವನ್ನು ಬರೆಯಬೇಕು: ಹೊರಬರುವ ನೀರಿನಲ್ಲಿ ಅಮೋನಿಯಾ ಎಷ್ಟು, ಒಟ್ಟು ಸಾರಜನಕವೆಷ್ಟು, ಅದನ್ನು ಸಾಧಿಸಲು ಸಾವಿರ ಲೀಟರಿಗೆ ವಿದ್ಯುತ್ತು ಎಷ್ಟು. ಕಟ್ಟಿದವನೇ ಹತ್ತು ವರ್ಷ ನ��ೆಯಿಸಬೇಕು. ಹಣದ ಒಂದು ಪಾಲು ಈ ಅಂಕೆಗಳು ಸಿದ್ಧವಾದ ತಿಂಗಳಿನಲ್ಲಿ ಮಾತ್ರ ಅವನಿಗೆ ಸಲ್ಲಬೇಕು. ಪರೀಕ್ಷೆಗೆ ನೀರನ್ನು ತೆಗೆಯತಕ್ಕದ್ದು ಹಗಲು ಅಧಿಕಾರಿಗಳು ಬಂದಾಗಲ್ಲ, ಬೆಳಗಿನ ಜಾವದಲ್ಲಿ. ಫಲಿತಾಂಶವನ್ನು ಪೌರಸಭೆಯ ಕಚೇರಿಯ ಹಲಗೆಯ ಮೇಲೆ, ತೆರಿಗೆಯ ಬಾಕಿದಾರರ ಪಟ್ಟಿಯ ಪಕ್ಕದಲ್ಲಿಯೇ, ತಿಂಗಳು ತಿಂಗಳೂ ಕನ್ನಡದಲ್ಲಿ ಅಂಟಿಸಲಿ. ಕಳುಹಿಸಿಕೊಟ್ಟರೆ ಈ ಪತ್ರಿಕೆಯಲ್ಲಿ ನಾಲ್ಕೂ ಊರುಗಳ ಅಂಕೆಗಳನ್ನು ಪುಕ್ಕಟೆಯಾಗಿ ಅಚ್ಚುಮಾಡಲು ನಾವು ಸಿದ್ಧರಾಗಿದ್ದೇವೆ.